ದೂರು ಬಾರದ ನೀರಿನ ಟ್ಯಾಂಕರ್

ಗೆಳೆಯರೇ, ಒಂದು ದಿನವೂ ನೀರು ತಪ್ಪಿಸದೇ ಇದ್ದದ್ದೇ ಇವತ್ತು ನಮ್ಮ ತಪ್ಪಾಯಿತು.

ಈ ಕೊಲ್ಲಿ ನಾಡಿನ ವಾದಿ ಅದಾಯ್ ಬಡಾವಣೆಯ ಮನೆಗಳಿಗೆ ನೀರು ಕೊಡುವ ನಮ್ಮ ಟ್ಯಾಂಕರ್ ಕಂಪನಿಗೆ ಸರ್ಕಾರದ ಸಣ್ಣ ಸಹಾಯಧನ ಕೇಳಲು ಹೋಗಿದ್ದೆ.

"ಇದು ಅಗತ್ಯ ಸೇವೆ ಅಂತ ಪುರಾವೆ ಬೇಕು. ನೀರು ಬಾರದಿದ್ದಾಗ ಜನ ಕೊಟ್ಟ ದೂರು ಎಲ್ಲಿ?" ಎಂದರು ಕೌಂಟರಿನವರು.

"ನೀರು ಬಾರದ ದಿನವೇ ಇಲ್ಲ ಸರ್."

"ಹಾಗಾದ್ರೆ ಅಗತ್ಯ ಅಂತ ಹೇಗೆ ಗೊತ್ತಾಗುದು? ದೂರು ತನ್ನಿ, ಅಷ್ಟೇ, ಖಲಾಸ್."

ನಮ್ಮ ಹಳೆಯ ಗಿರಾಕಿ ಹಂಝಾಕನಲ್ಲಿ ಒಂದು ದೂರು ಬರೆದುಕೊಡಿ ಎಂದು ಬೇಡಿಕೊಂಡೆ. "ನಿಮ್ಮ ಮೇಲೆ ದೂರಾ? ಮನಸ್ಸು ಬರುದಿಲ್ಲ ಮಾರಾಯ್ರೆ" ಎಂದು ಹೊಗಳಿ ಪತ್ರ ಬರೆದುಕೊಟ್ಟರು.

ಕೊನೆಗೆ ನಾನೇ ದೂರು ಬರೆದು ಹೆಂಡತಿಯ ಸಹಿ ಕೇಳಿದೆ. ಓದಿದವಳೇ, "ನಿಮ್ಮ ಮೇಲೆ ಒಂದೇ ದೂರಾ? ಇನ್ನೆರಡು ಹಾಳೆ ತನ್ನಿ" ಎಂದಳು.

ಅಂತೂ ಮನೆಯಲ್ಲಾದರೂ ನಾನು ಅಗತ್ಯ ಸೇವೆ ಎಂದು ಸಾಬೀತಾಯಿತು.