ಬಾಗಿಲಿಗೆ ಅಡ್ಡ ನಾಲ್ಕಡಿ ನೀರು

ತಾಳಿ ತೆಗೆದ ಮೇಲೆ ನಮ್ಮತ್ತೆಯ, ಅಂದರೆ ಅಪ್ಪನ ತಂಗಿಯ, ಕೊರಳಲ್ಲಿ ಉಳಿದದ್ದು ಹಳದಿ ಅಳತೆ ಟೇಪೊಂದೇ. ನಂಜನಗೂಡಿನ ಮನೆಯ ಮುಂದಿನ ಕೋಣೆಯಲ್ಲಿ ಹೆಂಗಸರ ರವಿಕೆ ಹೊಲಿಯುತ್ತಿದ್ದಳು. ಗಂಡ ತೀರಿಕೊಂಡಾಗ ಪಾಲಿಗೆ ಬಂದದ್ದು ಆ ಕೋಣೆ. ಹಿಂದಿನ ಮನೆಯೆಲ್ಲ ಗಂಡನ ಅಣ್ಣನದು. ನಡುವೆ ಒಂದು ಬಾಗಿಲು.

ಆ ಭಾವನಿಗೆ ಗಲ್ಲಿಯ ಕಡೆ ಬೇರೆ ಬಾಗಿಲಿತ್ತು. ಆದರೂ ಬೀದಿಗೆ ಹೋಗಲು ಅತ್ತೆಯ ಕೋಣೆಯನ್ನೇ ಹಾಯುತ್ತಿದ್ದರು, ಅದೂ ಯಾರಾದರೂ ಸೆರಗು ಸರಿಸಿ ಅಳತೆ ಕೊಡುತ್ತಿರುವ ಹೊತ್ತಿಗೇ. ಅತ್ತೆ ಚಿಲಕ ಹಾಕಿದಳು, ಒದ್ದು ಮುರಿದರು. “ನನ್ ಮನೇಲಿ ನಾನ್ ಓಡಾಡಕ್ಕೆ ನಿನ್ ಅಪ್ಪಣೆ ಬೇಕಾ?” ಗಿರಾಕಿಗಳು ಒಬ್ಬೊಬ್ಬರಾಗಿ ಬೇರೆ ಟೈಲರ್ ಹುಡುಕಿಕೊಂಡರು. ಅತ್ತೆಯ ಅನ್ನಕ್ಕೇ ಕಲ್ಲು ಹಾಕಿದ ಮನುಷ್ಯ. ನೆನೆದರೆ ಈಗಲೂ ನನಗೆ ಮೈಯೆಲ್ಲ ಉರಿಯುತ್ತದೆ. ಅತ್ತೆ ಮಾತ್ರ “ತಾಳು ಕಣಮ್ಮಿ” ಎನ್ನುತ್ತಿದ್ದಳು. ಹಾಗೆಂದಳೆಂದರೆ ಒಳಗೇ ಏನೋ ಹೂಡುತ್ತಿದ್ದಾಳೆ ಎಂದು ಅರ್ಥ.

ಆ ದಿನಗಳಲ್ಲೇ ಬೇರೆ ಊರಿಗೆ ವರ್ಗವಾಗಿ ಹೊರಟಿದ್ದ ಗಿರಾಕಿಯೊಬ್ಬರು ಸಾಲಮಾಂಡರ್ ಒಂದನ್ನು ಗಾಜಿನ ಜಾಡಿಯಲ್ಲಿ ಬಿಟ್ಟುಹೋದರು. ಹಲ್ಲಿಯ ಹಾಗೆ, ಆದರೆ ನೀರಲ್ಲೇ ಇರುವ ಪ್ರಾಣಿ. ನಾಲ್ಕು ಕಾಲು, ತಲೆಯ ಅಕ್ಕಪಕ್ಕ ಕೆಂಪು ಕುಚ್ಚು. ಪಾಪ, ತಿರುಗಲೂ ಜಾಗವಿರಲಿಲ್ಲ. ಅತ್ತೆ ಅದನ್ನು ನೋಡಿದಳು, ನಡುಬಾಗಿಲನ್ನು ನೋಡಿದಳು, ಟೇಪು ಹಿಡಿದು ಎದ್ದಳು.

ಮರುದಿನ ನಮ್ಮೂರು ತಿ. ನರಸೀಪುರಕ್ಕೆ ಬಂದು ನನ್ನನ್ನೂ ಅಕ್ವೇರಿಯಂ ಅಂಗಡಿಗೆ ಎಳೆದೊಯ್ದಳು. ಅಂಗಡಿಯವನು ಎತ್ತರದ ಟ್ಯಾಂಕು ತೋರಿಸಿದ.

“ಇದು ತಳದಾಗೇ ನಡ್ಕಂಡಿರ್ತದಪ್ಪ. ಎತ್ರ ಕಟ್ಕಂಡು ಏನ್ ಮಾಡಾದು? ಉದ್ದ ಬೇಕು,” ಎಂದಳು ಅತ್ತೆ.

“ಒಂದಕ್ಕೆ ಮೂರಡಿ ಧಾರಾಳಾಯ್ತದೆ ಕಣಕ್ಕ.”

“ಅದಕ್ಕಾಯ್ತದೆ. ನಮ್ಮನೆ ಬಾಗ್ಲು ಮೂರೂವರೆ ಅಡಿ ಅದೆ. ನಾಲ್ಕಡೀದು ಕೊಡು.”

ಬಾಗಿಲು ಅತ್ತೆಯ ಕಡೆಗೇ ತೆರೆಯುವಂಥದ್ದು. ಅದಕ್ಕೆ ಅಡ್ಡವಾಗಿ ಕಬ್ಬಿಣದ ಸ್ಟ್ಯಾಂಡಿನ ಮೇಲೆ ಟ್ಯಾಂಕು ಕೂತು ನೀರು ತುಂಬಿದ ಮೇಲೆ ಭಾವ ಆ ಕಡೆಯಿಂದ ಎಷ್ಟು ನೂಕಿದರೂ ಅದು ಮಿಸುಕಲಿಲ್ಲ.

“ತಗಿಯೇ ಇದ್ನ!”

“ಜೀವ ಇರೋ ಪ್ರಾಣಿ ಬಾವ. ಎಲ್ಗಾಕನ?”

ಅವರು ಗೊಣಗುತ್ತ ಗಲ್ಲಿ ಸುತ್ತಿ ಬರುವುದು ಕಂಡರೆ ಅತ್ತೆ ಮಷಿನ್ ನಿಲ್ಲಿಸಿ ಹೊಟ್ಟೆ ತುಂಬ ನಗುತ್ತಿದ್ದಳು. ಗಿರಾಕಿಗಳು ವಾಪಸು ಬಂದರು. ಆ ಪ್ರಾಣಿಗೆ ನೀರು ತಣ್ಣಗಿರಬೇಕು; ಬೇಸಿಗೆಯಲ್ಲಿ ಬಾಟಲಿಗಳಲ್ಲಿ ಐಸ್ ಕಟ್ಟಿಸಿ ತೇಲಿಬಿಡುತ್ತಿದ್ದಳು. ಹೆತ್ತ ಮಗುವಿಗೂ ಯಾರೂ ಅಷ್ಟು ಮಾಡುವುದಿಲ್ಲ.

ಹೋದ ವರ್ಷ ಅತ್ತೆ ತೀರಿಕೊಂಡಳು. ತಿಥಿಯೂಟದ ಎಲೆ ಎತ್ತುವ ಮೊದಲೇ ಭಾವ ಟ್ಯಾಂಕು ಬರಿದು ಮಾಡಲು ಪೈಪು ತಂದರು. ಕಿತ್ತು ಬೀದಿಗೆಸೆದೆ. ಕೋಣೆಯನ್ನು ಅತ್ತೆ ನನ್ನ ಹೆಸರಿಗೆ ಮಾಡಿದ್ದಳು. ಈಗ ಅಲ್ಲಿ ನಾನೇ ಹೊಲಿಯುತ್ತೇನೆ, ನೀರು ಬದಲಿಸುತ್ತೇನೆ. ವಯಸ್ಸಾದವರು, ದಾರಿ ಬಿಟ್ಟುಕೊಡು ಎಂದು ಅಪ್ಪ ಹೇಳುತ್ತಾರೆ. ಅತ್ತೆ ಕೋಣೆಯನ್ನು ನನಗೆ ಬಿಟ್ಟುಹೋದದ್ದು ಅದಕ್ಕಲ್ಲ.

ಮೊನ್ನೆ ಭಾವ ಕೋಲೂರಿಕೊಂಡು ಗಲ್ಲಿ ಸುತ್ತಿ ಬಂದು ನನ್ನ ಜಗಲಿಯಲ್ಲಿ ಕೂತರು. ಮಂಡಿ ನೀವಿಕೊಳ್ಳುತ್ತ ಕೇಳಿದರು: “ಇನ್ನೆಷ್ಟ್ ವರ್ಸ ಬದುಕ್ತದಮ್ಮಿ ಅದು?”

“ಇನ್ನೊಂದು ಮರಿ ತತ್ತಾ ಇವ್ನಿ ಮಾವ,” ಎಂದೆ. “ಎಲ್ಡುಕ್ಕೆ ನಾಲ್ಕಡಿ ಸಾಲಲ್ಲ. ಐದಡೀದು ಮಾಡ್ಸಕ್ಕೆ ಕೊಟ್ಟಿವ್ನಿ.”