ಪೆನಿನಾ ಅವರು ಹೊದ್ದ ಚಾಪೆ

ಸಮೋವಾದ ಔಷಧೋದ್ಯಮಕ್ಕೆ ಪೆನಿನಾ ಅವರು ಮಾತೃಸ್ವರೂಪರೆಂದು ಈ ಅಭಿನಂದನ ಸಂಪುಟದಲ್ಲಿ ಹಲವರು ಬರೆದಿರುತ್ತಾರೆ. ಅದರಲ್ಲಿ ಉತ್ಪ್ರೇಕ್ಷೆಯೇನೂ ಇಲ್ಲ. ಮೊಸೋಯಿ ಔಷಧ ಸಂಸ್ಥೆಯ ಚುಕ್ಕಾಣಿಯನ್ನು ನನ್ನ ಕೈಗಿತ್ತು ನಿವೃತ್ತರಾಗುತ್ತಿರುವ ಆ ಹಿರಿಯರನ್ನು ಅಭಿನಂದಿಸುವ ಸುಯೋಗ ನನಗೂ ಒದಗಿದೆ. ಆದರೆ ಅವರ ಹಿರಿಮೆಯನ್ನು ಹೇಳಹೊರಟರೆ ನಮ್ಮ ನಾಚಿಕೆಗೇಡನ್ನೂ ಹೇಳಬೇಕಾಗುವುದರಿಂದ, ತಲೆ ತಗ್ಗಿಸಿಯೇ ಬರೆಯುತ್ತಿದ್ದೇನೆ.

ಸವಾಯಿ ದ್ವೀಪದಲ್ಲಿ ಮೈಕೈ ತಿಕ್ಕಿ ನೋವಿಳಿಸುತ್ತಿದ್ದ ಅವರ ತಾಯಿ, ತೆಂಗಿನೆಣ್ಣೆಗೆ ಮೊಸೋಯಿ ಹೂವನ್ನೂ ಘಾಟಿನ ಔಷಧವನ್ನೂ ಬೆರೆಸಿ ಅಡುಗೆಮನೆಯಲ್ಲಿ ಕಾಯಿಸಿದ್ದೇ ಸಂಸ್ಥೆಯ ಮೂಲ. ಹೂವಿನ ಚಿತ್ರದ ಆ ಕಂದು ಸೀಸೆ ಮನೆಮನೆಯನ್ನೂ ಹೊಕ್ಕಿತು. ತಾಯಿಯ ಕಾಲಾನಂತರ ಪೆನಿನಾ ಅವರು ರಾಜಧಾನಿ ಅಪಿಯಾದಲ್ಲಿ ಕಾರ್ಖಾನೆ ಕಟ್ಟಿದರು. ಫಿಜಿಯಲ್ಲಿ ಓದಿ ಬಂದು ಕೆಲಸವಿಲ್ಲದೆ ಅಲೆಯುತ್ತಿದ್ದ ನನ್ನಂಥವರನ್ನು ಕರೆದು ಸೇರಿಸಿಕೊಂಡರು. ನನ್ನ ಹೆಂಡತಿಯ ಬಾಣಂತನದಲ್ಲಿ ತಾವೇ ಕೋಕೋ ಹಾಕಿ ಗಂಜಿ ಕಾಯಿಸಿ ತಂದರು.

ಮಕ್ಕಳ ಜ್ವರಕ್ಕೆ ಸಿರಪ್ ತಯಾರಿಸಿದಾಗ ಅದನ್ನೂ ಅದೇ ಸೀಸೆಯಲ್ಲಿ ತುಂಬಲು ಎಲ್ಲರೂ ಸೇರಿ ನಿರ್ಧರಿಸಿದೆವು. "ಹೂವಿನ ಸೀಸೆ ಅಂದ್ರೆ ಜನ ಕಣ್ಮುಚ್ಚಿ ನಂಬ್ತಾರೆ" ಎಂದವನು ನಮ್ಮ ಮಾರಾಟಗಾರ. ಹಾಗೆಯೇ ನಂಬಿದ ತುಸಿ ಎಂಬ ಅಜ್ಜಿ, ಸಿರಪ್ಪೆಂದುಕೊಂಡು ಮೈಗೆ ಹಚ್ಚುವ ಎಣ್ಣೆಯನ್ನು ಮೊಮ್ಮಗಳಿಗೆ ಕುಡಿಸಿಬಿಟ್ಟರು. ಮಗು ಆಸ್ಪತ್ರೆಯಲ್ಲಿ ಸಾವುಬದುಕಿನ ನಡುವೆ ಮಲಗಿತು.

ತಪ್ಪು ಮಾಡಿದವರು ನೊಂದವರ ಮನೆಯೆದುರು ನಯವಾಗಿ ನೇಯ್ದ ಚಾಪೆಯನ್ನು ತಲೆಯ ಮೇಲಿಂದ ಹೊದ್ದು ಕೂರುವುದು ನಮ್ಮಲ್ಲಿನ ಪದ್ಧತಿ. ಮನೆಯವರು ಚಾಪೆ ಎತ್ತಿದರೆ ಕ್ಷಮೆ. ಎತ್ತದೆ ಕಲ್ಲೆಸೆದರೂ ಕೇಳುವಂತಿಲ್ಲ.

"ಮುದುಕಿ ಚೀಟಿ ಓದ್ಲಿಲ್ಲ, ಅಷ್ಟೇ ಮೇಡಂ. ನೀವು ಹೋಗಿ ಕೂತ್ರೆ ತಪ್ಪು ಒಪ್ಪಿಕೊಂಡ ಹಾಗಾಗುತ್ತೆ" ಎಂದರು ನಮ್ಮ ವಕೀಲರು.

"ಒಪ್ಪಿಕೊಳ್ಳೋಕೇ ಹೋಗ್ತಿರೋದು ಕಣಪ್ಪಾ" ಎಂದು ಪೆನಿನಾ ಅವರು ತಾಯಿಯ ಚಾಪೆಯನ್ನು ಕಂಕುಳಲ್ಲಿ ಇರುಕಿಕೊಂಡು ಹೊರಟರು.

ಸೀಸೆಗೆ ಒಪ್ಪಿಗೆಯೆಂದು ಕೈಯೆತ್ತಿದ್ದ ನಾವೆಲ್ಲರೂ ಜೊತೆಗೆ ಹೋದೆವು. ಪೆನಿನಾ ಅವರೊಬ್ಬರೇ ಇಳಿದು ಅಜ್ಜಿಯ ಮನೆಯೆದುರು ಚಾಪೆ ಹೊದ್ದು ಕೂತರು; ನಾವು ವ್ಯಾನಿನಿಂದ ಇಳಿಯಲಿಲ್ಲ. ಮಗುವಿನ ಮಾವ ಮಚ್ಚು ಹಿಡಿದು ಬಂದು ಚಾಪೆಯ ಪಕ್ಕದಲ್ಲೇ ನಿಂತಾಗಲೂ ಇಳಿಯಲಿಲ್ಲ. ಆತ ಏನೂ ಮಾಡದೆ ಒಳಗೆ ಹೋದ. ಬಿಸಿಲು ನೆತ್ತಿಗೇರಿದ ಮೇಲೆ, ಮಗು ಕಣ್ಣು ಬಿಟ್ಟು ಎಳನೀರು ಕುಡಿಯಿತೆಂಬ ಸುದ್ದಿ ಬಂತು. ತುಸಿ ಅಜ್ಜಿ ಹೊರಬಂದು ಚಾಪೆ ಎತ್ತಿದರು.

"ಏಳೇ ತಾಯಿ. ಸೊಂಟ ಹಿಡ್ಕೊಂಡ್ರೆ ಹಚ್ಚೋಕೆ ನಿಮ್ಮೆಣ್ಣೆ ಮಾತ್ರ ನಮ್ಮನೇಲಿ ಸಿಗಲ್ಲ!" ಎಂದು ಬೈಯುತ್ತಲೇ ಅಪ್ಪಿಕೊಂಡು ಅತ್ತರು.

ಅಂದಿನಿಂದ ನಮ್ಮ ಎಣ್ಣೆಸೀಸೆಯ ಕೊರಳಿಗೆ ನಾರಿನ ಗಂಟು ಕಟ್ಟುತ್ತೇವೆ; ಕಣ್ಣು ಮಂಜಾದವರಿಗೂ ಬೆರಳಿಗೆ ತಿಳಿಯಲೆಂದು. ಸಂಸ್ಥೆ ಇಂದು ಟೋಂಗಾದವರೆಗೆ ಬೆಳೆದಿರುವುದು ಆ ಗಂಟಿನ ಮೇಲಿನ ನಂಬಿಕೆಯಿಂದ.

ಬೀಳ್ಕೊಡುಗೆಗೆಂದು ಕಳೆದ ವಾರ ನಾವು ಹೊಸ ಚಾಪೆಯೊಂದನ್ನು ಒಯ್ದರೆ ಅವರು ಮುಟ್ಟಲಿಲ್ಲ. "ಕಾರ್ಖಾನೆ ಬಾಗಿಲಲ್ಲೇ ಇಟ್ಟಿರಪ್ಪಾ, ಮುಂದೆ ನಿನಗೇ ಬೇಕಾಗಬಹುದು" ಎಂದರು ನನಗೆ.

ಪೆನಿನಾ ಅವರು ನೂರ್ಕಾಲ ಬಾಳಲಿ, ಆಗಾಗ ಬಂದು ನಮ್ಮ ಕಿವಿ ಹಿಂಡುತ್ತಿರಲಿ ಎಂದು ಮನಸಾರೆ ಹಾರೈಸುತ್ತೇನೆ. ಚಾಪೆ ಬಾಗಿಲಲ್ಲಿದೆ. ದಿನವೂ ಅದರ ಪಕ್ಕದಲ್ಲೇ ಹಾದು ಒಳಗೆ ಹೋಗುತ್ತೇನೆ. ಹೋಗುವಾಗಲೆಲ್ಲ ಆ ವ್ಯಾನಿನ ಸೀಟು ಬೆನ್ನಿಗೆ ಅಂಟಿಕೊಂಡೇ ಇದೆಯೆನಿಸುತ್ತದೆ.