ಖಾಲಿ ಸ್ಟ್ರಿಪ್ಪಿನ ಸಾಕ್ಷಿ

ಚಿನಕುರಳಿಯ ಬಸ್ ನಿಲ್ದಾಣದ ಎದುರು ಪಾರ್ವತಮ್ಮ ಮೆಡಿಕಲ್ ಸ್ಟೋರು ತೆರೆದು ಹತ್ತೊಂಬತ್ತು ವರ್ಷವಾಯಿತು. ಊರವರು ಡಾಕ್ಟರ ಚೀಟಿ ಜೋಪಾನ ಮಾಡುವವರಲ್ಲ; ಮಳೆಗೆ ನೆನೆಸುತ್ತಾರೆ, ಇಲ್ಲವೇ ಒಲೆಗೆ ಹಾಕುತ್ತಾರೆ. ಅದಕ್ಕೆ ಅವಳೇ ಒಂದು ಕ್ರಮ ಮಾಡಿಕೊಂಡಿದ್ದಳು. ಖಾಲಿ ಸ್ಟ್ರಿಪ್ಪು ತಂದೊಪ್ಪಿಸಿದರೆ ಅದೇ ಮಾತ್ರೆಯ ಹೊಸ ಸ್ಟ್ರಿಪ್ಪು. ಹೆಸರು ತಪ್ಪುವುದಿಲ್ಲ, ಮನೆಯಲ್ಲಿ ಕೂಡಿಡಲೂ ಆಗುವುದಿಲ್ಲ. ಓದಲು ಬಾರದ ಮುದುಕರೂ ಅವಳ ಅಂಗಡಿಯಿಂದ ತಪ್ಪು ಮಾತ್ರೆ ಒಯ್ದಿರಲಿಲ್ಲ. ಆ ಹೆಮ್ಮೆಯನ್ನು ಅವಳು ಯಾರಿಗೂ ಹೇಳಿಕೊಂಡವಳಲ್ಲ.

ಶನಿವಾರ ಬೆಳಿಗ್ಗೆ ಮಂಚಯ್ಯ ಸೊಂಟ ಹಿಡಿದುಕೊಂಡು ಮೆಟ್ಟಿಲು ಹತ್ತಿದ. ಮೂವತ್ತು ವರ್ಷ ಕ್ವಾರಿಯಲ್ಲಿ ದುಡಿದವನು. ನರದ ನೋವಿಗೆ ದಿನಕ್ಕೊಂದು ಕ್ಯಾಪ್ಸೂಲು ನುಂಗಬೇಕಿತ್ತು.

“ಅವ್ವಾ, ಆ ಮಾತ್ರೆ ಈಗ್ಲಾದ್ರೂ ಬಂತಾ?”

“ಯಾವ್ದು ಮಂಚಣ್ಣ?”

“ಸೊಂಟದ್ದು ಕಣವ್ವ. ಎರಡು ತಿಂಗ್ಳಿಂದ ಬತ್ತಾ ಇಲ್ಲ ಅಂದ್ಯಂತೆ, ಸಹನ ಹೇಳ್ತು. ಅಷ್ಟು ಕಲ್ಲು ಒಡ್ದೆ ನೋಡು, ಈಗ ಕಲ್ಲೇ ನನ್ನ ಒಡೀತಾ ಅದೆ.”

ಪಾರ್ವತಮ್ಮನಿಗೆ ನಗು ಬರಲಿಲ್ಲ. ಸಹನ ಅವನ ಮೊಮ್ಮಗಳು, ಪಾಂಡವಪುರದಲ್ಲಿ ಬಿ.ಎಸ್ಸಿ. ಓದುವ ಹುಡುಗಿ. ಈ ಎರಡು ತಿಂಗಳಲ್ಲಿ ಒಂಬತ್ತು ಸ್ಟ್ರಿಪ್ಪು ಒಯ್ದಿದ್ದಳು. ಅರವತ್ತು ದಿನಕ್ಕೆ ತೊಂಬತ್ತು ಕ್ಯಾಪ್ಸೂಲು. ಡಾಕ್ಟರು ಡೋಸು ಹೆಚ್ಚಿಸಿದ್ದಾರೆ ಎಂದು ಹುಡುಗಿ ಹೇಳಿದಾಗ ಪಾರ್ವತಮ್ಮ ನಂಬಿದ್ದಳು. ಪ್ರತಿ ಸಲವೂ ಖಾಲಿ ಸ್ಟ್ರಿಪ್ಪು ಬರುತ್ತಿತ್ತಲ್ಲ! ಮಾತ್ರೆ ಮುಗಿದಿದೆ ಎಂದು ಅದು ಹೇಳುತ್ತದೆ, ಯಾರು ನುಂಗಿದರು ಎಂದು ಹೇಳುವುದಿಲ್ಲ. ಇಷ್ಟು ಸಣ್ಣ ಸಂಗತಿ ಹತ್ತೊಂಬತ್ತು ವರ್ಷ ಹೊಳೆಯಲೇ ಇಲ್ಲವೇ?

“ಎರಡು ತಿಂಗ್ಳು ಬುಟ್ಟಿದ್ದೀಯ, ಡಾಕ್ಟ್ರನ್ನ ಒಂದ್ಮಾತು ಕೇಳಿ ಕೊಡ್ತೀನಿ. ಸೋಮವಾರ ಬಾ ಮಂಚಣ್ಣ.”

ಮಧ್ಯಾಹ್ನ ಪಾಂಡವಪುರದ ಬಸ್ಸಿನಿಂದ ಸಹನ ಇಳಿದಳು. ನೇರ ಅಂಗಡಿಗೆ ಬಂದು ಕೌಂಟರಿನ ಮೇಲೆ ಖಾಲಿ ಸ್ಟ್ರಿಪ್ಪು ಇಟ್ಟಳು.

“ಆಂಟಿ, ತಾತಂಗೆ.”

“ತಾತ ಬೆಳಿಗ್ಗೆ ಬಂದಿದ್ದ.”

ಸಹನ ಸ್ಟ್ರಿಪ್ಪನ್ನು ಹಿಂದಕ್ಕೆ ಎಳೆದುಕೊಂಡಳು.

“ಪರೀಕ್ಷೆ ಟೈಮಲ್ಲಿ ಎದೆ ಡವಡವ ಅಂತಿತ್ತು. ಇದ್ನ ನುಂಗಿದ್ರೆ ತಣ್ಗಾಯ್ತದೆ ಅಂತ ಕ್ಲಾಸಲ್ಲಿ ಹುಡ್ಗೀರು ಅಂದ್ರು. ಮನೇಲೇ ಇತ್ತಲ್ಲ... ಈಗ ಬುಟ್ರೆ ಮೈಯೆಲ್ಲ ನಡುಗ್ತದೆ ಆಂಟಿ. ಇದೊಂದು ಸಲ ಕೊಡಿ. ತಾತಂಗೆ ಹೇಳ್ಬೇಡಿ.”

ಪಾರ್ವತಮ್ಮ ಡ್ರಾಯರು ಎಳೆದಳು, ಮತ್ತೆ ಮುಚ್ಚಿದಳು. ಕೊಟ್ಟರೆ ಹತ್ತನೆಯ ಸ್ಟ್ರಿಪ್ಪು. ಕೊಡದಿದ್ದರೆ? ಒಮ್ಮೆಲೇ ನಿಲ್ಲಿಸಿದರೆ ಫಿಟ್ಸ್ ಬರಬಹುದೆಂದು ಓದಿದ್ದಳು. ಬೈಯಬೇಕೆನಿಸಿತು. ಆದರೆ ಇಷ್ಟು ದಿನ ಕೊಟ್ಟ ಕೈ ತನ್ನದೇ.

“ನಡಿ ಮಗ, ತಾಲ್ಲೂಕು ಆಸ್ಪತ್ರೆಗೆ. ಎಂಗೆ ಕಮ್ಮಿ ಮಾಡ್ಬೇಕು ಅಂತ ಡಾಕ್ಟ್ರೇ ಹೇಳ್ಲಿ. ನಾನು ಕೊಟ್ಟಿದ್ನೂ ಹೇಳ್ತೀನಿ.”

“ತಾತಂಗೆ?”

“ಗೊತ್ತಿಲ್ಲ ಕಣ್ ಮಗ. ಬಸ್ಸಲ್ಲಿ ಯೋಚ್ನೆ ಮಾಡನ.”

ಷಟರ್ ಅರ್ಧ ಇಳಿಸಿದಾಗ ಪಕ್ಕದ ಬೀದಿಯ ಕೆಂಪಣ್ಣ ಬಿ.ಪಿ. ಮಾತ್ರೆಯ ಖಾಲಿ ಸ್ಟ್ರಿಪ್ಪು ಚಾಚಿದ.

“ಇದ್ನ ಯಾರು ನುಂಗ್ತಾರೆ?” ಎಂದಳು ಪಾರ್ವತಮ್ಮ.

“ನಾನೇ ಕಣವ್ವ, ಇನ್ಯಾರು ನುಂಗ್ತಾರೆ? ಇವತ್ತು ಏನಾಗದೆ ನಿಂಗೆ?”

ಅವಳು ಅವನ ಮುಖ ನೋಡಿದಳು, ಸ್ಟ್ರಿಪ್ಪು ನೋಡಿದಳು. ನಂಬಬೇಕೋ ಬೇಡವೋ ತಿಳಿಯಲಿಲ್ಲ.